ಹೊಟ್ಟೆಯೊಳಗಿನ ಪಾಠ

ಸೋಮವಾರ ಕಂಪನಿಯವರು ಮರಾಠಿ ಸೀಮೆಯ ರಾಂಜಣಗಾಂವದ ಹತ್ತಿರದ ಗಾಯರಾನಕ್ಕೆ, ಊರ ಗೋಮಾಳಕ್ಕೆ, ಎಂಟಡಿ ತಂತಿ ಬೇಲಿ ಹಾಕಿದರು. ಮಂಗಳವಾರ, ಅಲ್ಲಿ ಕುರಿ ಮೇಯಿಸುತ್ತಿದ್ದ ಮನೆಗಳಿಗೆ ತಲಾ ಎರಡು ಚೀಲ ಗೋವಿನಜೋಳದ ನುಚ್ಚು ಕೊಟ್ಟು, ಇನ್ನು ಮೇಲೆ ದೊಡ್ಡಿಯಲ್ಲೇ ತಿನ್ನಿಸಿರಿ ಎಂದರು. ಶುಕ್ರವಾರ ಬೆಳಗಾಗುವಷ್ಟರಲ್ಲಿ ಸಾವಂತ್ರವ್ವನ ಏಳು ಕುರಿ ಹೊಟ್ಟೆ ಉಬ್ಬಿ ಸತ್ತಿದ್ದವು.

ಶುಕ್ರವಾರ ಕುರಿಯವರ ಮೇವಿನ ಪಾಠದ ದಿನ. ಜತ್ತ, ಇಂಡಿ ಕಡೆಯಿಂದ ಬಂದು ನೆಲೆಸಿದ ಹದಿನಾಲ್ಕು ಮನೆಯವರು ಎರಡು ವರ್ಷದಿಂದ ಹುಣಸೆ ಮರದ ಕೆಳಗೆ ಸೇರುತ್ತಾರೆ. ಯಾವ ಹುಲ್ಲಿಗೆ ಹಾಲು ಏರುತ್ತದೆ, ಯಾವುದಕ್ಕೆ ಹಿಕ್ಕೆ ಸಡಿಲಾಗುತ್ತದೆ ಎಂದು ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತಾರೆ. ಕಟ್ಟಳೆ ಒಂದೇ: ಯಾರ ದೊಡ್ಡಿಯಲ್ಲಿ ಜೀವ ಹೋಗಿದೆಯೋ ಆ ವಾರ ಅವರೇ ಮಾಸ್ತರು. ಸಾವಂತ್ರವ್ವ ಸತ್ತ ಕುರಿಯೊಂದನ್ನು ಮರದ ಕೆಳಗೆ ಎಳೆತಂದು ಚೂರಿ ಮಸೆಯುತ್ತಿದ್ದಳು.

ಕಂಪನಿಯ ಗುಮಾಸ್ತ ಸಿದ್ದಲಿಂಗಪ್ಪ ಬೈಕಿನಲ್ಲಿ ಬಂದ. ಹಿಂದೆ ಜೆಸಿಬಿ. ಕನ್ನಡದವರಿಗೆ ತಿಳಿಹೇಳಲು ಯಾವಾಗಲೂ ಅವನನ್ನೇ ಕಳಿಸುತ್ತಾರೆ.

“ಕೊಯ್ಯಬ್ಯಾಡ ಅಕ್ಕಾ. ಕುಣಿ ತೋಡಸ್ತೀನಿ, ಏಳೂ ಹೂಳಿಬಿಡು. ಬೇಲಿಯೊಳಗ ನುಗ್ಗಿ ವಿಷದ ಸೊಪ್ಪು ತಿಂದಾವ ಅಂತ ನಮ್ಮ ಡಾಕ್ಟರು ಬರದಾರ. ನೀನೂ ಇವರಿಗೆ ಹಂಗ ಹೇಳು.”

“ಡಾಕ್ಟರು ಯಾವಾಗ ಬಂದಿದ್ರು?”

“ಫೋಟೋ ನೋಡ್ಯಾರ.”

ಮುಂದೆ ಕುಳಿತಿದ್ದ ಗೌರಾಬಾಯಿ ಸೆರಗು ಸರಿಮಾಡಿಕೊಂಡಳು. “ಎಂಟಡಿ ತಂತಿ ಹಾರೂ ಕುರಿ ಇದ್ದಿದ್ರ ಸರ್ಕಸ್ಸಿಗೆ ಕೊಡ್ತಿದ್ದಿವ್ರಿ, ಸಾಹೇಬ್ರ.”

ಯಾರೂ ನಗಲಿಲ್ಲ. ಎಲ್ಲರ ದೊಡ್ಡಿಯಲ್ಲೂ ಅದೇ ಚೀಲ ಬಿಚ್ಚಿಟ್ಟಿತ್ತು. ಮಧ್ಯಾಹ್ನ ಮತ್ತೆ ಮೇವು ಹಾಕುವ ಹೊತ್ತಾಗುತ್ತ ಬಂದಿತ್ತು.

ಸಾವಂತ್ರವ್ವ ಕುರಿಯ ಹೊಟ್ಟೆಗೆ ಚೂರಿ ಇಳಿಸಿದಳು. ಹುಳಿ ನಾತ ಮೊದಲು ಬಂತು. ಆಮೇಲೆ ನೊರೆಯ ಜೊತೆ ಹಳದಿ ನುಚ್ಚು. ಬೆರಳಿನಿಂದ ಕೆದರಿ ತೋರಿಸಿದಳು. ಹಸಿರಿನ ಒಂದು ಎಳೆಯೂ ಇರಲಿಲ್ಲ.

“ತಪ್ಪು ನಂದೂ ಅದ,” ಎಂದಳು. “ಹಸಿದಾವ ಅಂತ ಬುಟ್ಟಿಗಟ್ಲೆ ಸುರುವಿದೆ. ಹುಲ್ಲು ತಿಂದ ಹೊಟ್ಟಿ ಇದು. ಒಮ್ಮಿಗಿಲೆ ಕಾಳು ಬಿದ್ರ ಒಳಗ ಹುಳಿ ಏರ್ತದ. ನಿನ್ನೆ ಹಲ್ಲು ಕಡ್ಯಾಕ ಹತ್ತಿದ್ದುವು. ತಿಳೀಲಿಲ್ಲ, ಮತ್ತ ಹಾಕಿದೆ. ಮನೀಗಿ ಹೋದ ಕೂಡ್ಲೆ ಚೀಲದ ಬಾಯಿ ಕಟ್ರಿ.”

ಸಿದ್ದಲಿಂಗಪ್ಪ ಬಗ್ಗಿ ದನಿ ತಗ್ಗಿಸಿದ. “ಅಕ್ಕಾ, ಇದು ಹೊರಗ ಬಿದ್ರ ನನ್ನ ನೌಕರಿ ಉಳ್ಯಾಂಗಿಲ್ಲ.”

“ಬೇಲಿ ಹಾಕಿದಾವ ನೀ ಅಲ್ಲ, ಗೊತ್ತದ.”

ಅವನು ನೆಟ್ಟಗೆ ನಿಂತು ಜೆಸಿಬಿಗೆ ಕೈ ಮಾಡಿದ. ಬಕೆಟ್ಟು ಕುರಿಯ ಪಕ್ಕದಲ್ಲೇ ಇಳಿಯಿತು.

“ಆತಲ್ಲ, ಎಲ್ಲಾರೂ ನೋಡಿದ್ರು. ಹಾಕು ಇದರಾಗ.”

ಸಾವಂತ್ರವ್ವ ಮೊಣಕೈವರೆಗೆ ಎರಡೂ ಕೈ ಕುರಿಯೊಳಗೆ ಹಾಕಿ, ಆ ಹೊಟ್ಟೆಯನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದಳು.

“ಇಲ್ಲ. ಹಿಂದ ಕುಂತವರಿಗೆ ಇನ್ನೂ ಕಂಡಿಲ್ಲ.”