ಕೆಟ್ಟ ಕ್ಯಾಮೆರಾ

“ನಿನ್ನೆ ಆ ಕ್ಯಾಮೆರಾ ಕೆಟ್ಟಿತ್ತು ಸಾರ್,” ಎಂದಳು ಕಾವಲಿನವಳು, ಪರದೆಯಿಂದ ಕಣ್ಣು ಕೀಳದೆ. ಕಾಲೇಜಿನ ಭದ್ರತಾ ಅಧಿಕಾರಿಯ ಹಣೆಯಲ್ಲಿ ಬೆವರೊಡೆಯಿತು. ಪ್ರಶ್ನೆಪತ್ರಿಕೆಗಳ ಕಟ್ಟು ಕಳುವಾಗಿತ್ತು. ಅವನ್ನಿಟ್ಟಿದ್ದ ಕೋಣೆಯ ಬೀಗದ ಕೈ ಇದ್ದದ್ದು ಅವನೊಬ್ಬನ ಬಳಿ. ತಾನು ಅತ್ತ ಸುಳಿದಿಲ್ಲವೆಂದು ವಿಚಾರಣೆಯಲ್ಲಿ ತೋರಿಸಲು ಆ ಕ್ಯಾಮೆರಾದ ದೃಶ್ಯವೊಂದೇ ಗತಿ.

“ಚೆನ್ನಾಗೇ ಓಡ್ತಿತ್ತು, ನಾನೇ ನೋಡಿದೀನಿ. ಸರಿಯಾಗಿ ಹುಡುಕಮ್ಮ. ನನ್ನ ಹೊಟ್ಟೆ ಮೇಲೆ ಹೊಡೀಬೇಡ.”

ಎಂದೂ ‘ಅಮ್ಮ’ ಎನ್ನದವನ ಬಾಯಲ್ಲಿ ಆ ಮಾತು ಅವಳಿಗೆ ಹಿತವೆನಿಸಿತು. ಮೂರು ವರ್ಷದ ಹಿಂದೆ ಇದೇ ಮೇಜಿನೆದುರು ಅವಳ ತಾಯಿ ಕೈಮುಗಿದು ನಿಂತಿದ್ದಳು. ಇಲ್ಲಿ ಓದುತ್ತಿದ್ದ ಕಿರಿಮಗಳನ್ನು ಮೇಷ್ಟ್ರೊಬ್ಬ ಮೆಟ್ಟಿಲ ಮೇಲೆ ಅಡ್ಡಗಟ್ಟಿ ಎಳೆದಾಡಿದ್ದ. ಕ್ಯಾಮೆರಾ ಎಲ್ಲವನ್ನೂ ಕಂಡಿತ್ತು. ಈ ಅಧಿಕಾರಿ ಮಾತ್ರ, ಅದು ಕೆಟ್ಟಿತ್ತೆಂದು ಹೇಳಿ ತಾಯಿಯನ್ನು ಸಾಗಹಾಕಿದ್ದ. ಹುಡುಗಿ ಮತ್ತೆ ಪುಸ್ತಕ ಮುಟ್ಟಲಿಲ್ಲ.

ಕಾವಲಿನವಳು ಪರದೆಯನ್ನು ಅಧಿಕಾರಿಯತ್ತ ತಿರುಗಿಸಿ ನಿನ್ನೆಯ ದೃಶ್ಯ ತೆರೆದಳು. ಬೇರೊಬ್ಬ ನಕಲಿ ಕೀಲಿಯಿಂದ ಬಾಗಿಲು ತೆಗೆಯುತ್ತಿದ್ದ. ಅಧಿಕಾರಿಗೆ ಹೋದ ಜೀವ ಬಂದಂತಾಯಿತು. ಅವನು ಉಸಿರು ಬಿಡುವಷ್ಟರಲ್ಲಿ ಅವಳು ಗುಂಡಿ ಒತ್ತಿದಳು. ದೃಶ್ಯ ಅಳಿಸಿಹೋಯಿತು.

“ಯಾಕಮ್ಮ?” ಅವನು ಖಾಲಿ ಪರದೆಯತ್ತ ಬಾಗಿದ.

“ಮೆಟ್ಟಿಲ ಮೇಲಿನ ಹುಡುಗಿ ನೆನಪಿದಾಳಾ ಸಾರ್? ನಾನು ಅವಳ ಅಕ್ಕ.”