ಎಂಟನೇ ಭಾಗ

ಹುಡುಗನಿಗೆ ಏಳು ಭಾಗ ಬಂದಿದ್ದ ಒಂದು ಅಂತರಿಕ್ಷದ ಸಿನಿಮಾ ಸರಣಿಯೆಂದರೆ ಪ್ರಾಣ ಎಂದು ಸಂಬಂಧ ತಂದ ಸೋದರತ್ತೆ ಹೇಳಿದ್ದರು. ಸುಮೇಧಾಳಿಗೆ ಹುಡುಗ ನೋಡಿದೊಡನೆ ಹಿಡಿಸಿದ್ದ. ಹಾಗಾಗಿ ಅವಳು ಪರೀಕ್ಷೆಗೆ ಓದುವಂತೆ ಏಳೂ ಭಾಗಗಳನ್ನು ನೋಡಿ ಮುಗಿಸಿದಳು. ಎಂಟನೆಯದು ಬಂದಾಗ ಹಿರಿಯರು, "ನೀವಿಬ್ಬರೇ ಹೋಗಿಬನ್ನಿ" ಎಂದು ಉದಾರವಾಗಿ ಕಳಿಸಿಕೊಟ್ಟರು.

ನಾಲ್ಕನೇ ಭಾಗದಲ್ಲಿ ಸುಟ್ಟು ಬೂದಿಯಾಗಿದ್ದ ನಾಯಕ ತೆರೆಯ ಮೇಲೆ ಮೀಸೆ ಬಿಟ್ಟುಕೊಂಡು ಎದ್ದುಬಂದಿದ್ದ. ರೋಬೋಟ್ ಅವನನ್ನು ತಬ್ಬಿಕೊಂಡು ಗಳಗಳನೆ ಅಳುತ್ತಿತ್ತು. ಸುಮೇಧಾ ನಗು ತಡೆಯಲು ದುಪಟ್ಟಾ ಕಚ್ಚಿಕೊಂಡಳು.

"ಹೇಗಿದೆ?" ಎಂದ ಹುಡುಗ.

"ತುಂಬಾ ಚೆನ್ನಾಗಿದೆ."

ಅವನ ಮುಖ ಬಾಡಿತು. "ಹೌದಾ? ಇದನ್ನೂ ಚೆನ್ನಾಗಿದೆ ಅನ್ನೋರ ಜೊತೆ ಬಾಳೋದು ಕಷ್ಟ ರೀ."

ಅವಳು ಅವಸರದಿಂದ ಅವನತ್ತ ತಿರುಗಿದಳು. "ಅಯ್ಯೋ, ಸುಳ್ಳು ಹೇಳಿದೆ! ಇಂಥ ದರಿದ್ರ ಸಿನಿಮಾ ಜನ್ಮದಲ್ಲೇ ನೋಡಿಲ್ಲ!"

"ಸದ್ಯ, ಬದುಕಿದೆ!" ಎಂದ ಅವನು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

ಹಿಂದಿನ ಸಾಲಿನ ಕತ್ತಲಿನಿಂದ ಅವಳ ಅಜ್ಜಿಯ ದನಿ ಬಂತು: "ಒಪ್ಪಿಗೆ ಆಯ್ತಲ್ಲ, ಏಳಿ ಬೀಗರೇ, ಪೂರ್ತಿ ನೋಡೋ ಕರ್ಮ ನಮಗ್ಯಾಕೆ?"