ದಸರೆಗಿಂತ ಮುಂಚೆ

ಬಡಾವಣೆಯ ತಾಯಂದಿರಿಗೆಲ್ಲ ಪಿಜ್ಜಾ ಮಾಡುವುದನ್ನು ಕಲಿಸಬೇಕೆಂದು ಸರ್ವಮಂಗಳಾ ದಸರಾ ರಜೆಯ ಮೊದಲ ಭಾನುವಾರವನ್ನು ಗೊತ್ತುಮಾಡಿದ್ದರು. ಸಮುದಾಯ ಭವನ ಸಿಕ್ಕಿತ್ತು, ಓವನ್ ಕೊಡುವವರೂ ಸಿಕ್ಕಿದ್ದರು. ಎಲ್ಲ ಸಲೀಸಾಗಿ ನಡೆಯುತ್ತಿದ್ದಾಗ, ಹಿಂದಿನ ಬೀದಿಗೆ ಹೊಸದಾಗಿ ಬಂದಿದ್ದ ಆಟೋ ಚಾಲಕನೊಬ್ಬ ಬಾಗಿಲಿಗೆ ಬಂದು ನಿಂತ.

“ನಾನೂ ಕಲೀಬೇಕು ಮೇಡಂ. ನನ್ನ ಮಗಳಿಗೆ ಪಿಜ್ಜಾ ಅಂದ್ರೆ ಪ್ರಾಣ.”

“ಅದಕ್ಕೇನಂತೆ, ನಿಮ್ಮ ಮನೆಯವರನ್ನ ಕಳಿಸಿ.”

“ಅವಳು ಒಲೆ ಹತ್ರ ಹೋಗೋದೇ ಬಿಟ್ಟಿದಾಳೆ.”

ಪಾಪ, ಕಾಯಿಲೆಯೇನೋ ಅನ್ನಿಸಿ ಸರ್ವಮಂಗಳಾ ಒಪ್ಪಿಕೊಂಡರು. ಆತ ಮಾತ್ರ ನಿಂತಲ್ಲಿಂದ ಕದಲಲಿಲ್ಲ.

“ಕ್ಲಾಸು ದಸರೆಗಿಂತ ಮುಂಚೆ ಇಟ್ಕೊಳ್ಳೋಕಾಗುತ್ತಾ ಮೇಡಂ?”

ಸರ್ವಮಂಗಳಾಗೆ ರೇಗಿತು. ಬೆರಳು ತೋರಿಸಿದರೆ ಹಸ್ತ ನುಂಗುವ ಆಸಾಮಿ ಎಂದುಕೊಂಡರು.

“ಈಗ ಮಕ್ಕಳಿಗೆಲ್ಲ ಪರೀಕ್ಷೆ, ಒಬ್ಬ ತಾಯೀನೂ ಬರಲ್ಲ. ನಿಮಗೆ ಅಷ್ಟು ಅವಸರ ಇದ್ರೆ ಅಂಗಡಿಯಿಂದ ತಂದುಕೊಡಿ.”

“ಅಂಗಡೀದು ಆಗಲ್ಲ. ಮನೇಲೇ ಮಾಡಿರ್ಬೇಕು.”

“ಮನೇಲೇ ಮಾಡಿಕೊಡೋರಂತೆ. ಸ್ವಲ್ಪ ದಿನ ತಡ ಆದ್ರೆ ಏನಾಯ್ತು? ನಿಮ್ಮ ಮಗಳು ಅಷ್ಟೂ ಕಾಯಲ್ವಾ?”

ಆತ ಖಾಕಿ ಅಂಗಿಯ ಗುಂಡಿಯನ್ನು ತಿರುವುತ್ತ ತಲೆ ತಗ್ಗಿಸಿದ.

“ಅವಳು ಕಾಯ್ತಾಳೆ ಮೇಡಂ. ಆದ್ರೆ ಅವಳಿಗೆ ಎಡೆ ಇಡೋದು ಮಹಾಲಯ ಅಮಾವಾಸ್ಯೆ ದಿನಾನೇ ಅಲ್ವಾ.”